ಮೊದಲನೆಯ ‘ಬ್ಯಾಡ’

ಸಪ್ನಾ ಮುರಿದ ರೊಟ್ಟಿ ಆರಿಸುತ್ತಿದ್ದಳು. ನಿನ್ನೆ ಬೇಯಿಸಿ ಆರಲಿಟ್ಟಿದ್ದ ಖಡಕ್ ರೊಟ್ಟಿಗಳನ್ನು ಮುಂದಕ್ಕೆ ಎಳೆದುಕೊಂಡು, ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು, ಅಂಚಿನ ಸುತ್ತ ಹೆಬ್ಬೆರಳು ಆಡಿಸಿ, ನೆಟ್ಟಗಿದ್ದದ್ದನ್ನು ಬಲಕ್ಕೆ ಇಡುವಳು, ಸೀಳು ಬಿಟ್ಟದ್ದನ್ನು ಎಡಗಡೆಯ ಬುಟ್ಟಿಗೆ ಹಾಕುವಳು. ಉಳಿದ ಹೆಂಗಸರು ಅವಳಿಗೆ ಬೆನ್ನು ಮಾಡಿ ಒಲೆಗಳ ಮುಂದೆ ಕುಳಿತಿದ್ದರು. ದಿನಾ ಈ ಹೊತ್ತಿಗೆ ಈ ತಗಡಿನ ಶೆಡ್ಡಿನೊಳಗೆ ಯಾರ ಸೊಸೆ ಯಾವ ಸೀರೆ ಉಟ್ಟಳು, ಯಾರ ಎಮ್ಮೆ ಯಾರ ಹೊಲ ಹೊಕ್ಕಿತು ಎಂಬುದೆಲ್ಲ ಹಿಟ್ಟಿನ ಜೊತೆಗೇ ನಾದಿಕೊಂಡು ಹಂಚಿಗೆ ಬೀಳುತ್ತಿತ್ತು. ಇವತ್ತು ಕೈಗಳಷ್ಟೇ ಮಾತಾಡುತ್ತಿದ್ದವು, ಅದೂ ತುಸು ಜೋರಾಗಿ. ಚನ್ನವ್ವ ಬಡಿಯುವ ಒಂದೊಂದು ರೊಟ್ಟಿಯೂ ತನ್ನ ಬೆನ್ನಿಗೇ ಬೀಳುತ್ತಿದೆ ಎಂದು ಸಪ್ನಾಗೆ ಅನ್ನಿಸಿತು. ಸಿಟ್ಟಿನಲ್ಲಿ ಬಡಿದ ರೊಟ್ಟಿ ಎಷ್ಟು ತೆಳ್ಳಗೆ, ಎಷ್ಟು ದುಂಡಗೆ ಬರುತ್ತದಲ್ಲ ಎಂದು ಅಂಥದರಲ್ಲೂ ಬೆರಗಾಯಿತು. ಪರದೇಶಕ್ಕೆ ಹೋಗುವ ರೊಟ್ಟಿಗಳನ್ನೆಲ್ಲ ಹೀಗೇ ಮುನಿಸಿಕೊಂಡು ಬಡಿದರೆ ಒಂದೂ ವಾಪಸ್ಸು ಬರಲಿಕ್ಕಿಲ್ಲ.

ಹೀಗೆ ಯೋಚಿಸಿದ್ದಕ್ಕೆ ನಾಚಿಕೆಯೂ ಆಯಿತು. ಇವರೆಲ್ಲ ಬಾಯಿಗೆ ಬೀಗ ಹಾಕಿಕೊಂಡು ಕುಳಿತಿರುವುದು ತನ್ನ ದೆಸೆಯಿಂದ. ಮೈಗೆ ಒಗ್ಗದ ಲೀಡರ್ ಎಂಬ ಹೆಸರು ತನಗೆ ಬಂದದ್ದಾದರೂ ಹೇಗೆ? ಗುಂಪಿಗೊಬ್ಬರು ಮುಂದಾಳು ಬೇಕು ಎಂದಾಗ ಎಲ್ಲರೂ ನಾನು ಒಲ್ಲೆ, ನೀ ಆಗು ಎಂದು ಒಬ್ಬರನ್ನೊಬ್ಬರು ಮುಂದಕ್ಕೆ ದೂಡಿದ್ದರು. ದೂಡಾಟ ಮೂಲೆಯಲ್ಲಿ ಕುಳಿತಿದ್ದ ಸಪ್ನಾಳ ಹತ್ತಿರ ಬಂದು ನಿಂತಿತ್ತು. ಆಕೆ ಬ್ಯಾಡ ಎಂದಳು. ಚನ್ನವ್ವ ಮತ್ತೊಮ್ಮೆ ಕೇಳಿದಳು. ಬ್ಯಾಡ ಬಿಡ ಚಿಗವ್ವ, ನನಗ ಮಾತಾಡಾಕ ಬರೂದಿಲ್ಲ ಎಂದಳು. ಮೂರನೇ ಸಲ ಚನ್ನವ್ವ ಬೈದಳು. ಮೂರನೇ ಸಲ ಬ್ಯಾಡ ಅಂದದ್ದು ಸಪ್ನಾಳ ಬಾಯಿ ಮಾತ್ರ, ತಲೆ ಆಗಲೇ ಹೂಂ ಅಂದಾಗಿತ್ತು. ಇದರಲ್ಲಿ ಕಪಟವೇನೂ ಇರಲಿಲ್ಲ. ಈ ಕಡೆ ಮಂದಿ ಚಹಾ ಕುಡಿಯುವುದು, ಊಟಕ್ಕೆ ಏಳುವುದು, ಕನ್ಯೆ ಒಪ್ಪುವುದು ಎಲ್ಲಾ ಹೀಗೆಯೇ. ಮೊದಲನೆಯ ‘ಬ್ಯಾಡ’ ಮರ್ಯಾದೆಗೆ, ಎರಡನೆಯದು ಎದುರಿನವರ ಮನಸ್ಸು ನೋಡಲಿಕ್ಕೆ. ಮೂರನೆಯದರ ಹೊತ್ತಿಗೆ ತಾಟು ಮುಂದೆ ಬಂದಿರುತ್ತದೆ. ಇದನ್ನು ಯಾರೂ ಯಾರಿಗೂ ಕಲಿಸಿಲ್ಲ. ತಾಯಿಯ ಹಾಲಿನ ಜೊತೆಗೇ ಬಂದದ್ದು. ಆ ಹಾಲನ್ನೂ ಎರಡು ಸಲ ಒಲ್ಲೆ ಅಂದೇ ಕುಡಿದಿರಬೇಕು.

ನಿನ್ನೆ ಬಂದ ಹಾನ್ನಾ ಮೇಡಂಗೆ, ಇಲ್ಲಿಯವರ ಮಾತಿನಲ್ಲಿ ಹಾನ್ನಾ ಬಾಯಾರಿಗೆ, ಇದು ಗೊತ್ತಿರಲಿಲ್ಲ. ಅವರು ನೆದರ್ಲ್ಯಾಂಡಿನವರು. ಗೋಧಿ ತಿಂದರೆ ಹೊಟ್ಟೆಗಾಗದವರಿಗೆ ಬೇಕಾದ ತಿನಿಸು ಮಾರುವ ಅಂಗಡಿಗಳು ಅವರವು. ಯರಗಟ್ಟಿಯ ಈ ಶೆಡ್ಡಿನ ಜೋಳದ ರೊಟ್ಟಿ ಕಳೆದ ವರ್ಷದಿಂದ ಅಲ್ಲಿಗೆ ಹೋಗುತ್ತಿತ್ತು. ಬಾಗಿಲಿಗಿಂತ ಎತ್ತರದ ಹೆಂಗಸು, ಅಂಗೈಯಷ್ಟು ಕತ್ತರಿಸಿದ ಬಿಳಿಕೂದಲು, ಬರಿಗೊರಳು. ಬಗ್ಗಿ ಒಳಗೆ ಬಂದು ಎಲ್ಲರಿಗೂ ಕೈಮುಗಿದರು. ಆಮೇಲೆ ಶುರುವಾಯಿತು ಊಟ. ಬದನೆಕಾಯಿ ಎಣಗಾಯಿ, ಜುಣಕ, ಅಗಸಿ ಚಟ್ನಿ, ಸಿಹಿ ಮಾದಲಿ, ಮೇಲೆ ತುಪ್ಪ. ಬಾಯಾರು ತಾಟಿನಲ್ಲಿದ್ದದ್ದನ್ನು ಒಂದು ಅಗುಳೂ ಬಿಡದೆ ಉಂಡರು. ತಾಟು ಖಾಲಿ ಕಂಡದ್ದೇ ಚನ್ನವ್ವನ ಎದೆ ಧಸಕ್ಕೆಂದಿತು. ಮನೆಗೆ ಬಂದವರ ತಾಟು ಖಾಲಿ ಇದೆಯೆಂದರೆ ನೀಡುವವಳ ಮಾನ ಹೋದಂತೆಯೇ. ಇನ್ನಷ್ಟು ನೀಡಿದಳು. ಬಾಯಾರು ಕೈ ಅಡ್ಡ ಹಿಡಿದರು. ಕೈ ಅಡ್ಡ ಹಿಡಿಯುವುದು ಒಳ್ಳೆಯ ಮನೆತನದ ಲಕ್ಷಣವಾದ್ದರಿಂದ ಚನ್ನವ್ವ ಸಂತೋಷಪಟ್ಟು ಆ ಕೈಯ ಸಂದಿನಿಂದಲೇ ನೀಡಿದಳು. ನೀಡಿದ್ದನ್ನು ಬಿಡಬಾರದೆಂದು ಅವರ ದೇಶದ ರೀತಿ ಇರಬೇಕು, ಅವರು ಮತ್ತೆ ಖಾಲಿ ಮಾಡಿದರು. ತಾಟು ಖಾಲಿ ಆಯಿತೆಂದು ಇವಳು ನೀಡುವಳು, ನೀಡಿದರೆಂದು ಅವರು ಖಾಲಿ ಮಾಡುವರು. ಎರಡು ದೇಶಗಳು ಒಂದು ತಾಟಿನ ಎರಡು ಕಡೆ ಕುಳಿತು ಹೀಗೆ ಜಗ್ಗಾಡುವುದನ್ನು ಸಪ್ನಾ ಕಂಬಕ್ಕೆ ಆತು ನೋಡುತ್ತಿದ್ದಳು. ಬಾಯಾರ ಹಣೆಯ ಮೇಲೆ ಬೆವರು, ಕಣ್ಣಿನಲ್ಲಿ ನೀರು. “ಖಾರಕ್ಕ ಅಲ್ಲಬೇ, ಪ್ರೀತಿಗೆ ಬಂದಾವು,” ಎಂದು ಚನ್ನವ್ವ ಪಿಸುಗುಟ್ಟಿದ್ದಳು.

ಕಡೆಗೆ ಅವರು ಗೋಡೆಗೆ ಒರಗಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಣ್ಣು ಮುಚ್ಚಿದರು. ಅವರನ್ನು ಬೆಳಗಾವಿಯಿಂದ ಕರೆತಂದಿದ್ದ ವಿರೂಪಾಕ್ಷ ಗಾಬರಿಯಾಗಿ ಸೋಡಾ ತರಲಿಕ್ಕೆ ಬಸ್‌ಸ್ಟ್ಯಾಂಡಿಗೆ ಓಡಿದ. ಅತ್ತಿಂದಿತ್ತ ಮಾತು ದಾಟಿಸುವವನು ಅವನೊಬ್ಬನೇ. ಅವನು ಅತ್ತ ಹೋದದ್ದೇ ತಡ, ಬಾಯಾರು ಕಣ್ಣು ತೆರೆದು, ಸಪ್ನಾಳನ್ನು ಹತ್ತಿರ ಕರೆದು, ತಮ್ಮ ಫೋನು ಮುಂದಿಟ್ಟರು. ಅವರು ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಫೋನಿನ ಅನುವಾದದ ಆ್ಯಪಿನೊಳಗಿಂದ ಒಬ್ಬ ಗಂಡಸು ಸಾಲಿ ಮಾಸ್ತರನ ಹಾಗೆ ಗಂಟಲು ಬಿಗಿದು ಹೇಳಿದ: “ಮುಂದಿನ ಹಂಗಾಮಿಗೆ ನಮಗೆ ಎರಡು ಪಟ್ಟು ರೊಟ್ಟಿಗಳು ಅಗತ್ಯವಿವೆ. ಈ ಕೆಲಸವನ್ನು ತಮ್ಮ ಗುಂಪು ವಹಿಸಿಕೊಳ್ಳಲು ಇಚ್ಛಿಸುತ್ತದೆಯೇ?”

ಒಲೆಗಳೆಲ್ಲ ಕಿವಿ ನೆಟ್ಟಗೆ ಮಾಡಿದವು. ಇದೇ ಮಾತಿಗೆ ಇವರೆಲ್ಲ ತಿಂಗಳುಗಟ್ಟಲೆ ಮನಸ್ಸಿನೊಳಗೆ ಮಂಡಿಗೆ ತಿನ್ನುತ್ತಿದ್ದರು. ಪಕ್ಕದಲ್ಲಿ ಎರಡನೇ ಶೆಡ್ಡು ಎದ್ದು ನಿಂತಿತ್ತು. ಅದರ ಒಲೆಗಳಿಗೆ ಇನ್ನೂ ಬೆಂಕಿ ಬಿದ್ದಿರಲಿಲ್ಲ. ಅವುಗಳಲ್ಲಿ ಬಾಗಿಲ ಹತ್ತಿರದ್ದು ಮಂಜುಳಾಳದು. ಬೈಲಹೊಂಗಲದ ಅರಳೆ ಕಾರ್ಖಾನೆಯಲ್ಲಿ ದುಡಿದು ದುಡಿದು ಎದೆಯ ತುಂಬ ಕೆಮ್ಮು ತುಂಬಿಕೊಂಡು ಬಂದ ಗೆಳತಿ. ಇನ್ನ ಅಲ್ಲಿಗೆ ಹೋಗಬ್ಯಾಡ, ಒಂದು ಒಲಿ ನಿನಗ ಅಂತ ಇಟ್ಟೇನಿ ಎಂದು ಸಪ್ನಾಳೇ ಹೇಳಿದ್ದಳು. ಮಂಜುಳಾ ಆ ಒಲೆಗೆ ಸಗಣಿ ಸಾರಿಸಿ, ರಂಗೋಲಿಯ ಎಳೆ ಎಳೆದು, ಎದುರಿಗೆ ಒಂದು ಮಣೆ ಹಾಕಿಟ್ಟಿದ್ದಳು.

ಮಾಸ್ತರನ ದನಿ ಕೇಳಿದ್ದೇ ಸಪ್ನಾಳ ಬೆನ್ನು ತಾನಾಗಿ ನೆಟ್ಟಗಾಯಿತು. ಎಂಟನೇ ಇಯತ್ತೆಯಲ್ಲಿ ಎದ್ದು ನಿಂತು ಉತ್ತರ ಹೇಳುತ್ತಿದ್ದ ಹಾಗೆ, ಎರಡು ಕೈ ಹಿಂದೆ ಕಟ್ಟಿಕೊಂಡು, ಬರೆಯುವ ಕನ್ನಡದಲ್ಲಿ, ಬಲು ಮರ್ಯಾದೆಯಿಂದ ಹೇಳಿದಳು: “ಬೇಡ. ನಮಗೆ ಈಗ ಇರುವುದೇ ಸಾಕು.”

ಹಿಂದಿನಿಂದ ಚನ್ನವ್ವ ಮೆಚ್ಚಿ ಲೊಚಗುಟ್ಟಿದ್ದು ಕೇಳಿಸಿತು. ಹುಡುಗಿ ಕಲಿತಳು, ಆಸೆಬುರುಕಿಯ ಹಾಗೆ ಮೈಮೇಲೆ ಬೀಳಲಿಲ್ಲ. ಮಾಸ್ತರ ಆ ಮಾತನ್ನು ಆಚೆ ದಾಟಿಸಿದ. ಇನ್ನು ಬಾಯಾರು ‘ಯಾಕ, ತಗೊಳ್ರಲ್ಲ’ ಅನ್ನಬೇಕು. ಸಪ್ನಾ ಎರಡನೇ ‘ಬ್ಯಾಡ’ವನ್ನು ನಾಲಿಗೆಯ ತುದಿಗೆ ತಂದಿಟ್ಟುಕೊಂಡು, ಅದು ಮೊದಲಿನದಕ್ಕಿಂತ ಮೆತ್ತಗಿರಲಿ ಎಂದು ಹದ ಮಾಡಿಕೊಂಡು ಕಾದಳು. ಬಾಯಾರು ತಲೆ ಆಡಿಸಿದರು. ನಕ್ಕರು. ಏನೋ ಬರೆದುಕೊಂಡರು. ಪೆನ್ನಿಗೆ ಟೊಪ್ಪಿಗೆ ಹಾಕಿದರು. ಟಿಕ್.

ಆ ಟಿಕ್ ಶಬ್ದ ರಾತ್ರಿಯೆಲ್ಲ ಅವಳ ಕಿವಿಯಲ್ಲಿತ್ತು. ಬೆಳಿಗ್ಗೆ ತನ್ನೂರು ಉಗರಗೋಳದಿಂದ ಬರುವ ಬಸ್ಸಿನಲ್ಲೂ ಇತ್ತು. ಸವದತ್ತಿಯ ಹತ್ತಿರ ಯಾರೋ ಅಜ್ಜಿ ಸರಿದು ಕುಳಿತು “ಕುಂದ್ರ ಬಾರವಾ” ಎಂದಳು. “ಇರಲಿ ಬಿಡ್ರಿ” ಎಂದಳು ಸಪ್ನಾ. ಅಜ್ಜಿ ಇನ್ನೊಮ್ಮೆ ಬಾಯಿ ತೆರೆಯುವಷ್ಟರಲ್ಲಿ ದೇವಿಯ ಗುಡ್ಡದಿಂದ ಇಳಿದು ಬಂದಿದ್ದ ಒಬ್ಬ ಭಕ್ತ, ಹಣೆಯ ತುಂಬ ಭಂಡಾರದ ಅರಿಸಿನ ಬಳಿದುಕೊಂಡವನು, ಕರೆಯದೆಯೇ ಬಂದು ಕುಳಿತುಬಿಟ್ಟ. ಯರಗಟ್ಟಿಯವರೆಗೂ ನಿಂತೇ ಬಂದಳು. ಜಗತ್ತಿನಲ್ಲಿ ಕುಳಿತವರೆಲ್ಲ ಒಂದೇ ಮಾತಿನವರು, ನಿಂತವರೆಲ್ಲ ಮೂರು ಮಾತಿನವರು ಎಂದು ಅನ್ನಿಸಿ ನಗು ಬಂತು. ಪಕ್ಕದವಳು ತನ್ನನ್ನು ನೋಡಿಯೇ ನಕ್ಕಳೆಂದು ತಿಳಿದು ಸೆರಗು ಸರಿಮಾಡಿಕೊಂಡಳು.

ಬಸ್ಸು ಇಳಿದದ್ದೇ ವಿರೂಪಾಕ್ಷನ ಫೋನು ಬಂದಿತ್ತು.

“ಏನ್ರಿ ಲೀಡರ್, ನಾ ಒಂದು ಸೋಡಾ ತರೂದ್ರಾಗ ದೇಶದ ವ್ಯಾಪಾರ ಮುಳುಗಿಸಿದ್ರಲ್ಲ.”

“ಅವರು ಇನ್ನೊಮ್ಮೆ ಕೇಳ್ತಾರ ಅಂತ ಮಾಡಿದ್ದೆ ಸರ್.”

“ಅವರಲ್ಲಿ ಒಮ್ಮೆ ಒಲ್ಲೆ ಅಂದವರನ್ನ ಇನ್ನೊಮ್ಮೆ ಕೇಳೂದು ಅಂದ್ರ ಅಪಮಾನ ಮಾಡಿದಂಗ. ಕಾರಿನಾಗ ನನಗ ಏನ್ ಅಂದ್ರು ಗೊತ್ತೇನು? ಆ ಹುಡುಗಿ ತನ್ನ ಕೈಲಾಗೂದೆಷ್ಟು ಅಂತ ತಿಳಕೊಂಡಾಳ, ಭಾಳ ಶಾಣ್ಯಾ ಅದಾಳ ಅಂದ್ರು.”

“ನೀವ ಹೇಳ್ರಲ್ಲ ಸರ್ ಅವರಿಗೆ.”

“ಹೇಳಿದೆ. ಆಕಿ ಮಾತು ಆಕಿದು, ನೀ ತಿದ್ದಬ್ಯಾಡ ಅಂದ್ರು. ಈಗ ಬೈಲಹೊಂಗಲದ ಗುಂಪಿನವರನ್ನ ಕೇಳಾಕ ನನ್ನನ್ನ ಕಳಿಸ್ಯಾರ, ಹೊಂಟೇನಿ. ಅವರು ಇವತ್ತ ಮಧ್ಯಾಹ್ನ ವಿಮಾನ ಹತ್ತೂಕಿಂತ ಮದಲ ನಿಮಗ ಫೋನ್ ಮಾಡ್ತಾರ, ಊಟ ಚಲೋ ಇತ್ತು ಅಂತ ಹೇಳಾಕ. ಬೇಕಂದ್ರ ಆಗ ಬಾಯಿಬಿಟ್ಟು ಹೇಳ್ರಿ. ಹೇಳೂ ಮಾತು ನಿಮ್ದ.”

ಹೇಳುವ ಮಾತು ನಿಮ್ಮದೇ. ಇಷ್ಟು ಸಸಾರದ ಮಾತು. ಸಪ್ನಾ ಇನ್ನೊಂದು ರೊಟ್ಟಿಯನ್ನು ಬೆಳಕಿಗೆ ಹಿಡಿದಳು. ನಡುವೆ ಕೂದಲೆಳೆಯ ಸೀಳು. ಬೇಕು ಎಂಬ ಮಾತನ್ನು ಕೊನೆಯ ಸಲ ಯಾವಾಗ ಆಡಿದೆ ಎಂದು ನೆನಪಿಸಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ. ಬ್ಯಾಡ ಅಂದದ್ದು ಮಾತ್ರ ಸಾಲುಸಾಲಾಗಿ ನೆನಪಾಯಿತು, ಎಲ್ಲಕ್ಕಿಂತ ಹಿಂದೆ ಅಪ್ಪನ ಅಂಗಡಿಯಲ್ಲಿ ಅಂದದ್ದು. ಗುಡ್ಡದ ದಾರಿಯಲ್ಲಿ ಕಾಯಿ, ಕರ್ಪೂರ, ಭಂಡಾರ ಮಾರುವ ಅಂಗಡಿಗಳ ಸಾಲು. ಆ ಸಾಲಿನಲ್ಲೆಲ್ಲ ಹೇಳುವುದೊಂದು ದರ, ಕೊಡುವುದೊಂದು ದರ. ಅಪ್ಪ ಲಕ್ಕಪ್ಪ ಮಾತ್ರ ಒಂದೇ ಮಾತಿನವನು. ಭಕ್ತರು ಜಗ್ಗಿದರೂ ಇಳಿಯುವವನಲ್ಲ, ಹೊರಟು ನಿಂತರೂ ಕರೆಯುವವನಲ್ಲ. ಒಲ್ಲೆ ಅಂದ್ರ ಒಲ್ಲೆ ಇರಬೇಕಪ್ಪ ಎಂದುಕೊಂಡು ಸುಮ್ಮನಾಗುವನು. ಎಂಟನೇ ಇಯತ್ತೆ ಮುಗಿದ ಆ ಬೇಸಿಗೆ, ಭಂಡಾರದ ಪುಡಿಕೆ ಕಟ್ಟುತ್ತ, ತಲೆಯೆತ್ತದೆ ಅಪ್ಪ ಕೇಳಿದ: “ಸಪ್ನಾ, ಮುಂದ ಸಾಲಿಗೆ ಹೋಗ್ತೀಯೇನು?” ಅಪ್ಪ ತನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು. ಮೈಯೆಲ್ಲ ಹಿಗ್ಗಿತು. ಹಿಗ್ಗಿದ್ದು ಕಾಣಬಾರದೆಂದು “ಬ್ಯಾಡ ಬಿಡಪಾ” ಎಂದಳು. ಎಂದು ಕಾದಳು. ಅಪ್ಪ ದಾರ ಸುತ್ತಿ, ಗಂಟು ಹಾಕಿ, ಹಲ್ಲಿನಿಂದ ಕಡಿದ. ಟಿಕ್.

ಮೂರು ಸಲ ಕೇಳುವ ಅವ್ವ ಆಗ ರಾಮದುರ್ಗದಲ್ಲಿದ್ದಳು, ತಂಗಿಯ ಬಾಣಂತನಕ್ಕೆ. ತಿರುಗಿ ಬರುವಷ್ಟರಲ್ಲಿ ಮಗಳು ಅಂಗಡಿಯ ಗಲ್ಲೆಯ ಹಿಂದೆ ಕುಳಿತಾಗಿತ್ತು. “ಆಕಿ ಒಲ್ಲೆ ಅಂದ್ಲು,” ಎಂದ ಅಪ್ಪ. ಅಷ್ಟೇ. ಅಪ್ಪನ ಎದೆ ಕಲ್ಲು ಎಂದು ಸಪ್ನಾ ಅಂದೇ ತೀರ್ಮಾನಿಸಿದ್ದಳು. ಇವತ್ತಿಗೂ ಬೆಳಿಗ್ಗೆ ಅವನು “ಚಹಾ ಬೇಕೇನು” ಎಂದು ಒಂದೇ ಸಲ ಕೇಳುತ್ತಾನೆ, ಅವಳು ಬ್ಯಾಡ ಅನ್ನುತ್ತಾಳೆ, ಅವನು ತನ್ನಷ್ಟಕ್ಕೆ ಬಸಿ ತುಂಬ ಸುರುವಿಕೊಂಡು ಕುಡಿಯುತ್ತಾನೆ, ಅವಳು ಚಹಾ ಇಲ್ಲದೆ ಬಸ್ಸಿಗೆ ಹೊರಡುತ್ತಾಳೆ. ನಿನ್ನೆ ಬಾಯಾರು ಪೆನ್ನು ಮುಚ್ಚಿದಾಗಲೂ ಅದೇ ಸಿಟ್ಟು ಬಂದಿತ್ತು. ಎಂಥ ಒಣ ಮಂದಿ, ಚಹಾ ಬೇಕೇನು ಅಂತ ಕೇಳಿ ಬೋಗುಣಿ ಮುಚ್ಚುವ ಜಾತಿ. ಹೀಗೆ ಬೈದುಕೊಳ್ಳುವಾಗ ಕಣ್ಣ ಮುಂದೆ ಬಂದ ಮುಖ ಮಾತ್ರ ಬಾಯಾರದೋ ಅಪ್ಪನದೋ ಗೊತ್ತಾಗುತ್ತಿರಲಿಲ್ಲ. ಬಿಳಿ ಕೂದಲಿನ ಕೆಳಗೆ ಅಪ್ಪನ ಮೀಸೆ ಬಂದು ಕುಳಿತುಬಿಡುತ್ತಿತ್ತು.

ಎಡಗಡೆಯ ಬುಟ್ಟಿ ತುಂಬಿತು. ಅದನ್ನು ಎತ್ತಿಡಲು ಎದ್ದಾಗ ಎರಡನೇ ಶೆಡ್ಡಿನ ಬಾಗಿಲು ಕಂಡಿತು. ಮಂಜುಳಾ ಉರಿಯದ ಒಲೆಯ ಮುಂದಿನ ಮಣೆಯ ಮೇಲೆ ಕುಳಿತು, ಕಟ್ಟಿಗೆ ಮುಂದೆ ಸರಿಸುವವಳ ಹಾಗೆ ಸುಮ್ಮನೆ ಕೈ ಆಡಿಸುತ್ತಿದ್ದಳು. ಇವಳನ್ನು ಕಂಡು ಕೈ ಹಿಂದಕ್ಕೆ ತೆಗೆದುಕೊಂಡಳು.

“ಸೋಮವಾರದಿಂದ ಬೈಲಹೊಂಗಲಕ್ಕ ಬಾ ಅಂತ ಫೋನ್ ಬಂದೈತಿ,” ಎಂದಳು ಮಂಜುಳಾ. ಕೆಮ್ಮಿದಳು. “ಹೋಗ್ಲೇನು?”

“ಬ್ಯಾಡ,” ಎಂದಳು ಸಪ್ನಾ.

“ಇದು ಎಷ್ಟನೇ ಬ್ಯಾಡ?” ಮಂಜುಳಾ ನಗಲಿಲ್ಲ. ಒಳಗಿನಿಂದ ಯಾರೋ ಕಿಸಕ್ಕೆಂದರು. ಆ ನಗುವಿಗೆ ಇನ್ನಿಬ್ಬರು ಕೂಡಿಕೊಂಡರು. ಬೆಳಗಿನಿಂದ ಬಿಗಿದಿದ್ದ ಚನ್ನವ್ವನ ಬಾಯಿ ಸಡಿಲಿತು.

“ನಗಬ್ಯಾಡ್ರೆ. ನಾನಿದ್ರೂ ಹಂಗ ಅಂತಿದ್ದೆ. ಆದ್ರ ನಾ ಏನ್ ಲೀಡರ್ ಅಲ್ಲಲಾ.” ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ತಿರುಗಿ ಕುಳಿತಳು. “ಅಲ್ಲವಾ, ಚಿಂತಿ ಯಾಕ? ಬೈಲಹೊಂಗಲದವರೂ ನಮ್ಮ ಮಂದೀನ. ಅವರೂ ಬ್ಯಾಡ ಅಂತಾರ. ಆ ಬಾಯಿ ಕಿತ್ತೂರಿಗೆ ಹೋಗ್ತಾಳ, ಅಲ್ಲೂ ಬ್ಯಾಡ. ರಾಮದುರ್ಗದಾಗೂ ಬ್ಯಾಡ, ಸವದತ್ಯಾಗೂ ಬ್ಯಾಡ. ತಿರಗಿ ತಿರಗಿ ಕಾಲು ನೊಂದು ಮತ್ತ ನಮ್ಮ ಬಾಗಲಕ್ಕ ಬರ್ತಾಳ. ಬಂದ್ಲಂದ್ರ ಅದು ಎರಡನೇ ಸಲ ಕೇಳಿದಂಗ ಆತಲ್ಲ?”

ಶೆಡ್ಡು ನಗೆಯಿಂದ ತುಂಬಿತು. ಸಪ್ನಾಳೂ ನಕ್ಕಳು. ನಗುನಗುತ್ತಲೇ ಮತ್ತೆ ಆ ಉರಿಯದ ಒಲೆಯ ಕಡೆ ನೋಡಿದಳು.

“ಎದಿಯಾಗ ಮಾಯೆ ಮಮತೆ ಇಲ್ಲದ ಮಂದಿ,” ಎಂದಳು ಇನ್ನೊಬ್ಬಳು. “ಒಮ್ಮೆ ಕೇಳೂದು, ಬಿಡೂದು. ಅವರಿಗೆ ಮಂದಿ ಮನಸ್ಸು ತಿಳಿಯಂಗಿಲ್ಲ.”

“ಹಂಗನ್ನಬ್ಯಾಡ ಅಕ್ಕಾ,” ಎಂದಳು ಸಪ್ನಾ.

ತಾನು ಅಂದದ್ದು ತನಗೇ ಕೇಳಿಸಿ ಗಾಬರಿಯಾಯಿತು. ಎಲ್ಲರೂ ಅವಳತ್ತ ತಿರುಗಿದರು. ಇಂಥ ಹೊತ್ತಿನಲ್ಲಿ ಅವಳು ಸಾಮಾನ್ಯವಾಗಿ ಸೆರಗಿನ ಅಂಚಿನ ಎಳೆ ಎಣಿಸುತ್ತಾಳೆ. ಈಗ ಕೈಯಲ್ಲಿ ಮುರಿದ ರೊಟ್ಟಿಯ ಬುಟ್ಟಿ ಇದ್ದದ್ದರಿಂದ ಎಣಿಸಲು ಬರಲಿಲ್ಲ.

“ನಿನ್ನೆ ಊಟದಾಗ ಅವರು ಬ್ಯಾಡ ಬ್ಯಾಡ ಅಂದ್ರು,” ಎಂದಳು, ಬುಟ್ಟಿಗೆ ಹೇಳುವವಳ ಹಾಗೆ. “ನಾವು ಒಂದು ಸಲನಾದ್ರೂ ಖರೇ ಅಂತ ನಂಬಿದ್ವೇನು? ಕೈ ಅಡ್ಡ ಹಿಡದ್ರೂ ನೀಡಿದ್ವಿ. ನಾ ಬ್ಯಾಡ ಅಂದೆ. ಅವರು ಒಂದ ಸಲಕ್ಕ ನಂಬಿದ್ರು. ಹಂಗಾದ್ರ ಮಂದಿ ಮಾತಿಗೆ ಕಿಮ್ಮತ್ತು ಕೊಟ್ಟವರು ಯಾರು?”

ಚನ್ನವ್ವನ ಹಂಚಿನ ಮೇಲಿನ ರೊಟ್ಟಿ ಉಬ್ಬಿ, ಉಸಿರು ಬಿಟ್ಟು, ಕೆಳಗೆ ಕುಳಿತಿತು.

“ಹೊಟ್ಟಿ ಕೆಟ್ಟಿತ್ತಂತೇನು ಆಕಿದು?” ಎಂದಳು ಚನ್ನವ್ವ ಮೆಲ್ಲಗೆ.

“ರಾತ್ರಿಯೆಲ್ಲ ಮಲಗಿಲ್ಲಂತ,” ಎಂದಳು ಸಪ್ನಾ. ವಿರೂಪಾಕ್ಷ ಹಾಗೇನೂ ಹೇಳಿರಲಿಲ್ಲ, ಆದರೆ ಅಷ್ಟು ಮಾದಲಿ ಉಂಡವರು ಮಲಗಿರಲಾರರು.

“ಅಯ್ಯ ಶಿವನ.” ಚನ್ನವ್ವ ಹಿಟ್ಟಿನ ಕೈಯಿಂದ ಹಣೆ ಮುಟ್ಟಿಕೊಂಡಳು. ಹಣೆಯ ಮೇಲೆ ವಿಭೂತಿಯ ಪಕ್ಕದಲ್ಲಿ ಜೋಳದ ಹಿಟ್ಟಿನ ಇನ್ನೊಂದು ಗೆರೆ ಮೂಡಿತು.

ಆ ಮಾತು ಆಡಿದ ಮೇಲೆ ಸಪ್ನಾಳಿಗೆ ಕೈಕಾಲು ಹಗುರಾದವು. ತನ್ನ ಮಾತನ್ನು ಮೊದಲನೇ ಸಲಕ್ಕೆ ನಂಬಿದವರು ಈ ಭೂಮಿಯ ಮೇಲೆ ಇಬ್ಬರೇ: ಒಬ್ಬ ಗುಡ್ಡದ ಬುಡದಲ್ಲಿ ಭಂಡಾರದ ಪುಡಿಕೆ ಕಟ್ಟುತ್ತ ಕುಳಿತಿದ್ದಾನೆ, ಇನ್ನೊಬ್ಬರು ವಿಮಾನ ಹತ್ತಲು ಹೊರಟಿದ್ದಾರೆ. ಇಬ್ಬರನ್ನೂ ಕಲ್ಲೆದೆಯವರು ಎಂದು ಬೈದುಕೊಂಡವಳು ತಾನು. ಅಪ್ಪ ತಲೆಯೆತ್ತದೆ ಕೇಳಿದ್ದು ಸದರಕ್ಕಲ್ಲ, ಮಗಳು ಏನು ಹೇಳಿಬಿಡುತ್ತಾಳೋ ಎಂಬ ಅಂಜಿಕೆಗೆ ಇರಬಹುದೇ? ದಾರ ಕಡಿಯುವಾಗ ಅವನ ಹಲ್ಲು ಒಂದೇ ಸಲಕ್ಕೆ ಕಡಿಯಿತೇ, ಇಲ್ಲ ಸ್ವಲ್ಪ ತಡೆಯಿತೇ? ಈಗ ಹೇಗೆ ಗೊತ್ತಾಗಬೇಕು. ಒಂದು ಸಲ ಬೇಕು ಅಂದಿದ್ದರೆ ಸಾಕಿತ್ತು. ಮೂರನೇ ಸಲದ ಒತ್ತಾಯಕ್ಕೆ ಕಾದು ಕುಳಿತವಳಿಗೆ ಮೊದಲನೇ ಸಲದ ಪ್ರೀತಿ ಕಾಣಿಸಲಿಲ್ಲ. ಹಾಗಂತ ತಪ್ಪೆಲ್ಲ ತನ್ನದೇ ಎನ್ನಲಿಕ್ಕೂ ಮನಸ್ಸು ಒಪ್ಪಲಿಲ್ಲ. ಅವ್ವ ಆ ವಾರ ರಾಮದುರ್ಗಕ್ಕೆ ಹೋಗಬಾರದಿತ್ತು.

“ಬಾ ಇಲ್ಲೆ,” ಎಂದಳು ಚನ್ನವ್ವ. “ಈಗ ರೂಢಿ ಮಾಡೂಣು. ನಾನ ಆ ಬಾಯಿ.” ಎದ್ದು, ಬೆನ್ನು ನೆಟ್ಟಗೆ ಮಾಡಿ, ನಿರಿಗೆಯನ್ನು ಪ್ಯಾಂಟಿನ ಹಾಗೆ ಕಾಲ ಸಂದಿಯಲ್ಲಿ ಸಿಕ್ಕಿಸಿಕೊಂಡಳು. ಎತ್ತರ ಸಾಲದೆಂದು ಮಣೆಯ ಮೇಲೆ ಹತ್ತಿ ನಿಂತಳು. ಹೆಂಗಸರು ಒಲೆ ಬಿಟ್ಟು ಸುತ್ತಲೂ ಬಂದರು. ಮಂಜುಳಾ ಬಾಗಿಲಲ್ಲಿ ಬಂದು ನಿಂತಳು. ಚನ್ನವ್ವ ಬುಟ್ಟಿಯಿಂದ ಒಂದು ಮುರಿದ ರೊಟ್ಟಿ ತೆಗೆದು, ಮೂಗಿನಿಂದ ಪರದೇಶದ ದನಿ ಹೊರಡಿಸಿ, ಫೋನಿನೊಳಗಿನ ಮಾಸ್ತರನನ್ನೂ ಅದರಲ್ಲೇ ಬೆರೆಸಿ ಕೇಳಿದಳು: “ರೊಟ್ಟಿ ತಿನ್ನಲು ಇಚ್ಛೆ ಐತಿಯೇ?”

“ಬ್ಯಾಡ ಚಿಗವ್ವ, ಈಗ ತಿಂದೇನಿ,” ಎಂದಳು ಸಪ್ನಾ.

“ಟಿಕ್,” ಎಂದಳು ಚನ್ನವ್ವ. ರೊಟ್ಟಿಯನ್ನು ಬಾಯಿಗೆ ಹಾಕಿಕೊಂಡು ಕರುಕುರು ತಿಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಇನ್ನೊಂದು ತೆಗೆದಳು. ಸಪ್ನಾ ‘ಬೇ’ ಎಂದಳು. ‘ಕು’ ಬರಲಿಲ್ಲ. ಚನ್ನವ್ವ ಆ ರೊಟ್ಟಿಯನ್ನೂ ತಿಂದಳು. ಹೀಗೆ ಮುರಿದ ರೊಟ್ಟಿಗಳೆಲ್ಲ ಚನ್ನವ್ವನ ಹೊಟ್ಟೆ ಸೇರುತ್ತ ಹೋದವು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬಂದ ಸಪ್ನಾ ಅದನ್ನು ನೋಡುತ್ತ ನಿಂತಳು. ಅವಳ ಹೊಟ್ಟೆ ಎಲ್ಲರಿಗೂ ಕೇಳುವಂತೆ ಗುರ್ರೆಂದಿತು.

“ಆಕಿ ಹೊಟ್ಟಿಗೆ ಮಾತು ಬರತೈತಿ ನೋಡು,” ಎಂದಳು ಚನ್ನವ್ವ. “ಫೋನಿನ ಮುಂದ ಅದನ್ನ ಹಿಡಿರೆ.”

ಅಷ್ಟರಲ್ಲಿ ನಿಜವಾದ ಫೋನು ಬಂತು.

ಯಾರೂ ನಗಲಿಲ್ಲ. ಸಪ್ನಾಳ ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ನಿಲ್ಲಿಸಿದರು. ಮಂಜುಳಾ ತನ್ನ ಫೋನಿನಲ್ಲಿ ಮಾಸ್ತರನನ್ನು ಎಬ್ಬಿಸಿ ಪಕ್ಕಕ್ಕೆ ಇಟ್ಟಳು. ತೆರೆಯ ಮೇಲೆ ಬಾಯಾರ ಮುಖ ಮೂಡಿತು. ಹಿಂದೆ ಗಾಜು, ಗಾಜಿನಾಚೆ ವಿಮಾನದ ಬಾಲ. ಮುಖ ತುಸು ಬಿಳಿಚಿತ್ತು. ಚನ್ನವ್ವ ತಪ್ಪು ಮಾಡಿದವಳಂತೆ ಹಿಂದಕ್ಕೆ ಸರಿದು, ಮಣೆಯ ಮೇಲಿದ್ದದ್ದು ಮರೆತು ಬೀಳುವುದರಲ್ಲಿದ್ದಳು.

ಬಾಯಾರು ಮಾತಾಡಿದರು. ಮಾಸ್ತರ ದಾಟಿಸಿದ: “ತಮ್ಮ ಭೋಜನಕ್ಕೆ ಅನಂತ ಧನ್ಯವಾದಗಳು. ನಾನು ಅದನ್ನು ಬಹುಕಾಲ ಮರೆಯಲಾರೆ.”

ಮರೆಯಲಾರರು, ಪಾಪ, ಎಂದುಕೊಂಡಳು ಸಪ್ನಾ.

“ತಮ್ಮ ಸ್ಪಷ್ಟ ಉತ್ತರವನ್ನೂ ನಾನು ಗೌರವಿಸುತ್ತೇನೆ,” ಎಂದ ಮಾಸ್ತರ. “ತಾವು ನನಗೆ ಏನಾದರೂ ಹೇಳಲು ಬಯಸುವಿರಾ?”

ಇದೇ. ಇದೇ ಬಾಗಿಲು. ಸಪ್ನಾ ಬಾಯಿ ತೆರೆದಳು. ಅದು ತೆರೆದುಕೊಂಡು, ಯಾವಾಗಲೂ ಆಡುವ ಮಾತನ್ನೇ ಬಲು ಮರ್ಯಾದೆಯಿಂದ ಆಡಿತು: “ಏನೂ ಇಲ್ರಿ.”

ಮಂಜುಳಾ ಕಣ್ಣು ಮುಚ್ಚಿಕೊಂಡಳು. ಮಾಸ್ತರ ಏನೂ ಇಲ್ಲವೆಂಬುದನ್ನು ಆ ಭಾಷೆಗೆ ದಾಟಿಸಿದ. ಅಲ್ಲಿ ಅದಕ್ಕೆ ಇಲ್ಲಿಗಿಂತ ಹೆಚ್ಚು ಮಾತು ಬೇಕಾಯಿತು. ಬಾಯಾರು ನಕ್ಕರು, ತಲೆ ಆಡಿಸಿದರು, ಕೈಮುಗಿದರು. ಮುಗಿದ ಕೈ ಬಿಚ್ಚಿ, ಒಂದು ಬೆರಳು ಫೋನು ಮುಚ್ಚಲು ಮುಂದಕ್ಕೆ ಬಂತು. ಆ ಬೆರಳು ತೆರೆಯ ಮೇಲೆ ದೊಡ್ಡದಾಗುತ್ತ, ದೊಡ್ಡದಾಗುತ್ತ, ಭಂಡಾರದ ಪುಡಿಕೆಯ ಮೇಲೆ ದಾರ ಒತ್ತಿ ಹಿಡಿದ ಬೆರಳಾಯಿತು. ಇನ್ನು ಒಂದು ಗಂಟು, ಆಮೇಲೆ ಹಲ್ಲು. ಸಪ್ನಾ ಮಣೆ, ಬುಟ್ಟಿ ಎಲ್ಲವನ್ನೂ ದಾಟಿ ಫೋನಿಗೆ ಮೂಗು ತಾಗುವಷ್ಟು ಹತ್ತಿರ ಬಂದಿದ್ದಳು. ಯಾವಾಗ ಬಂದಳೋ ಅವಳಿಗೇ ತಿಳಿಯಲಿಲ್ಲ.

“ನಮಗ ಬೇಕ್ರಿ,” ಎಂದಳು.

ದನಿ ಅವಳು ಎಣಿಸಿದ್ದಕ್ಕಿಂತ ದಪ್ಪಗಿತ್ತು. ಮಾಸ್ತರ ಅದನ್ನು ಚಿಕ್ಕದಾಗಿ ಆಚೆಗೆ ಹೇಳಿ ಮುಗಿಸಿದ. ತೆರೆಯ ಮೇಲೆ ಬೆರಳು ಇದ್ದಲ್ಲಿಯೇ ನಿಂತಿತು. ಅದರ ಹಿಂದೆ ಬಾಯಾರ ಮುಖವೂ ನಿಂತಿತು, ಒಂದು ಕಣ್ಣು ಅರ್ಧ ಮುಚ್ಚಿ, ಬಾಯಿ ಅರ್ಧ ತೆರೆದು. ನೆಟ್‌ವರ್ಕ್ ನಿಂತಿತ್ತೋ, ಅವರೇ ನಿಂತಿದ್ದರೋ. ವಿಮಾನದ ಬಾಲವೂ ಅಲುಗಲಿಲ್ಲ. ‘ಇರಲಿ ಬಿಡ್ರಿ, ತೊಂದ್ರಿ ಆಗೋದಾದ್ರ ಬ್ಯಾಡ’ ಎಂಬ ಮಾತು ನಾಲಿಗೆಯ ತುದಿಗೆ ಓಡಿ ಬಂತು. ಸಪ್ನಾ ಹಲ್ಲು ಕಚ್ಚಿ ಅದನ್ನು ಅಲ್ಲಿಯೇ ಕಡಿದಳು. ಒಂದೇ ದರ ಹೇಳಿ ಕುಳಿತ ಅಪ್ಪನ ಹಾಗೆ ಕುಳಿತಳು. ಆದರೂ ಈ ಕಡೆಯ ಹುಡುಗಿಯಲ್ಲವೇ, ಇನ್ನೊಮ್ಮೆ ಅನ್ನದೆ ಇರಲು ಆಗಲಿಲ್ಲ.

“ಆ ಕೆಲಸ ನಮಗ ಕೊಡ್ರಿ.”

ಹಂ‌ಚಿನ ಮೇಲೆ ಯಾರದೋ ರೊಟ್ಟಿ ಹೊತ್ತುವ ವಾಸನೆ ಬಂತು. ಯಾರೂ ಅತ್ತ ಹೋಗಲಿಲ್ಲ.